ಗೋಸುಂಬೆಯ ಗೂಡು: ನೀರಿನ ಬಟ್ಟಲಿಟ್ಟರೆ ಸಾಲದು

ಮೊದಲ ಬಾರಿಗೆ ಗೋಸುಂಬೆ ಸಾಕುವವರಲ್ಲಿ ಹಲವರು ಪ್ರಾಣಿಯನ್ನು ಮೊದಲು ಮನೆಗೆ ತಂದು, ಅನಂತರ ಅದಕ್ಕೊಂದು ನೆಲೆ ಹುಡುಕುತ್ತಾರೆ. ಅಟ್ಟದ ಮೇಲಿದ್ದ ಹಳೆಯ ಮೀನಿನ ತೊಟ್ಟಿ ಕೆಳಗಿಳಿಯುತ್ತದೆ, ತಳಕ್ಕೆ ಮರದ ಹೊಟ್ಟೋ ತೆಂಗಿನ ನಾರಿನ ಪುಡಿಯೋ ಬೀಳುತ್ತದೆ, ಒಂದು ಮೂಲೆಗೆ ನೀರಿನ ಬಟ್ಟಲು, ಮೇಲೊಂದು ಬಲ್ಬು ಬರುತ್ತವೆ. ನೆಲದ ಮೇಲೆ ಓಡಾಡುವ ಕೆಲವು ಹಲ್ಲಿಗಳಿಗೆ ಒಗ್ಗಬಹುದಾದ ಈ ಏರ್ಪಾಡು, ಎಲೆಗಳ ಮರೆಯಲ್ಲಿ, ಗಾಳಿಯಾಡುವ ಎತ್ತರದಲ್ಲಿ ಬದುಕುವ ಗೋಸುಂಬೆಗೆ ಯಾವ ಬಗೆಯಿಂದಲೂ ಹೊಂದುವುದಿಲ್ಲ. ಅದರಲ್ಲೂ ಎಲ್ಲಕ್ಕಿಂತ ನಿರುಪದ್ರವಿಯಾಗಿ ಕಾಣುವ ಆ ನೀರಿನ ಬಟ್ಟಲು, ಪ್ರಾಣಿಗೆ ನೀರು ಸಿಗುತ್ತಿದೆ ಎಂಬ ಸುಳ್ಳು ನೆಮ್ಮದಿಯನ್ನು ಸಾಕುವವರಿಗೆ ಕೊಡುವುದರಿಂದ, ಹೆಚ್ಚಿನ ಹಾನಿ ಮಾಡುತ್ತದೆ.

ಕನ್ನಡದಲ್ಲಿ ಗೋಸುಂಬೆ, ಊಸರವಳ್ಳಿ ಎಂಬ ಹೆಸರುಗಳನ್ನು ಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಓತಿಕ್ಯಾತಕ್ಕೂ ಬಳಸುವುದುಂಟಾದರೂ, ನಿಜವಾದ ಗೋಸುಂಬೆಯೆಂದರೆ ಎರಡು ಕಣ್ಣುಗಳನ್ನು ಎರಡು ದಿಕ್ಕಿಗೆ ಹೊರಳಿಸಬಲ್ಲ, ಇಕ್ಕಳದಂಥ ಪಾದಗಳಿಂದ ರೆಂಬೆ ಹಿಡಿಯುವ, ನಾಲಿಗೆ ಚಿಮ್ಮಿಸಿ ಹುಳು ಹಿಡಿಯುವ ಪ್ರಾಣಿ. ಕರ್ನಾಟಕದಲ್ಲಿ ಕಾಣಸಿಗುವ ಭಾರತೀಯ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದು, ಅದನ್ನು ಹಿಡಿಯುವುದೂ ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧವಾಗಿರುವುದರಿಂದ, ತೋಟದಲ್ಲಿ ಸಿಕ್ಕ ಮರಿಯನ್ನು ಸಾಕುವ ಆಲೋಚನೆಯನ್ನೇ ಕೈಬಿಡಬೇಕು. ಇಲ್ಲಿ ವಿವರಿಸಿರುವುದು ಯೆಮನ್ ಮತ್ತು ಸೌದಿ ಅರೇಬಿಯಾದ ನೈರುತ್ಯ ಭಾಗದ ಯೆಮನ್ ಗೋಸುಂಬೆಗೆ, ಅಂದರೆ ಅಮೆರಿಕ, ಯೂರೋಪುಗಳ ಪೇಟೆಯಲ್ಲಿ ವೇಲ್ಡ್ ಕೆಮಿಲಿಯನ್ ಎಂಬ ಹೆಸರಿನಲ್ಲಿ ಸಿಗುವ ಪ್ರಾಣಿಗೆ ಬೇಕಾದ ಗೂಡನ್ನು. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿ ಇದೂ ಸೇರಿದೆ. ಭಾರತದಲ್ಲಿ ಇಂಥ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು 2022ರ ತಿದ್ದುಪಡಿ ಹಾಗೂ 2024ರ ನಿಯಮಗಳಂತೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕಾಗದಪತ್ರ ಕೊಡದ ಮಾರಾಟಗಾರನಿಂದ ಯಾವ ಬೆಲೆಗೂ ಕೊಳ್ಳಬಾರದು, ಸಾಕಣೆಯಲ್ಲೇ ಹುಟ್ಟಿದ ಮರಿಯನ್ನಲ್ಲದೆ ಬೇರೆ ಯಾವುದನ್ನೂ ತರಬಾರದು.

ಬೆಳೆದ ಗಂಡು ಬಾಲವೂ ಸೇರಿ ಒಂದೂವರೆ ಅಡಿಗೂ ಮೀರಿ ಬೆಳೆಯುವುದರಿಂದ, ಗೂಡು ಕನಿಷ್ಠ 2 ಅಡಿ ಅಗಲ, 2 ಅಡಿ ಆಳ, 4 ಅಡಿ ಎತ್ತರ ಇರಬೇಕು. ಸುತ್ತಲೂ ಮೃದುವಾದ ಅಲ್ಯೂಮಿನಿಯಂ ಜಾಲರಿ ಇರುವ ಚೌಕಟ್ಟು ಒಳ್ಳೆಯದು. ಕಬ್ಬಿಣದ ಒರಟು ಜಾಲರಿಗೆ ಉಗುರು ಸಿಕ್ಕಿ ಕಿತ್ತುಬರುತ್ತದೆ, ಗಾಜಿನ ಗೋಡೆಯಲ್ಲಿ ಗಾಳಿ ನಿಂತುಹೋಗುವುದರ ಜೊತೆಗೆ ಪ್ರಾಣಿಗೆ ತನ್ನದೇ ಪ್ರತಿಬಿಂಬ ಎದುರಾಳಿಯಾಗಿ ಕಾಣುತ್ತದೆ. ಚಳಿ ಹೆಚ್ಚಿರುವ, ಹೀಟರ್ ಹಾಕಿ ಗಾಳಿ ಒಣಗುವ ಮನೆಗಳಲ್ಲಿ ಹಿಂಬದಿ ಮತ್ತು ಎರಡು ಪಕ್ಕಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಮುಂಬದಿ ಹಾಗೂ ಮಾಡನ್ನು ಮಾತ್ರ ಜಾಲರಿಯಾಗಿ ಬಿಡಬಹುದು. ಗೂಡನ್ನು ನೆಲದ ಮೇಲಿಡದೆ ಗಟ್ಟಿಯಾದ ಮೇಜಿನ ಮೇಲೆ, ಪ್ರಾಣಿ ಕೂರುವ ಮೇಲಿನ ರೆಂಬೆ ಮನುಷ್ಯರ ಕಣ್ಣಿನ ಮಟ್ಟಕ್ಕಿಂತ ಎತ್ತರದಲ್ಲಿರುವಂತೆ, ನಾಯಿ ಬೆಕ್ಕುಗಳ ಓಡಾಟವಿಲ್ಲದ ಮೂಲೆಯಲ್ಲಿ ಇಡಬೇಕು. ಮೇಲಿನಿಂದ ಬಾಗಿ ನೋಡುವವರೆಲ್ಲರೂ ಗೋಸುಂಬೆಯ ಪಾಲಿಗೆ ಹದ್ದುಗಳೇ. ಒಂದು ಗೂಡಿನಲ್ಲಿ ಒಂದೇ ಪ್ರಾಣಿ ಇರಬೇಕು, ಜೋಡಿಯಾಗಿರಲಿ ಎಂಬ ಮಮತೆ ಇಲ್ಲಿ ಕ್ರೌರ್ಯವಾಗುತ್ತದೆ.

ಗೂಡಿನೊಳಗೆ ಅಡ್ಡಡ್ಡವಾಗಿ, ಬೇರೆ ಬೇರೆ ಎತ್ತರಗಳಲ್ಲಿ, ಪ್ರಾಣಿಯ ಪಾದ ಸುತ್ತುವರಿದು ಹಿಡಿಯಬಹುದಾದಷ್ಟು ದಪ್ಪದ ಒಣ ರೆಂಬೆಗಳನ್ನು ಅಲುಗದಂತೆ ಕಟ್ಟಬೇಕು. ಗಿಡಗಳ ಪೈಕಿ ಮನಿ ಪ್ಲಾಂಟ್, ಫೈಕಸ್ ಬೆಂಜಮಿನಾ, ದಾಸವಾಳ ಬಳಕೆಯಲ್ಲಿವೆ; ಯೆಮನ್ ಗೋಸುಂಬೆ ಹುಳುಗಳ ಜೊತೆಗೆ ಎಲೆಗಳನ್ನೂ ತಿನ್ನುವುದರಿಂದ ನರ್ಸರಿಯ ಗಿಡವನ್ನು ಎಲೆಯ ಎರಡೂ ಮಗ್ಗುಲು ತೊಳೆದು, ಕೆಲವು ವಾರ ಹೊರಗಿಟ್ಟು, ಕೀಟನಾಶಕದ ಶೇಷ ಹೋದ ಮೇಲೆ ಒಳಗಿಡುವುದು ಕ್ಷೇಮ. ಗೂಡಿನ ನಡುಭಾಗದಲ್ಲಿ ಪ್ರಾಣಿ ಪೂರ್ತಿ ಮರೆಯಾಗುವಷ್ಟು ಎಲೆ ದಟ್ಟವಾಗಿರಬೇಕು. ಪ್ರಾಣಿ ಸದಾ ಕಣ್ಣಿಗೆ ಬೀಳಲಿ ಎಂದು ಎಲೆ ಕಡಿಮೆ ಮಾಡುವವರಿದ್ದಾರೆ. ಅಡಗಲು ತಾಣವಿಲ್ಲದ ಗೋಸುಂಬೆ ಮೈ ಕಪ್ಪಾಗಿಸಿಕೊಂಡು ಆಹಾರ ಬಿಡುತ್ತದೆ.

ಬೆಳಕಿನ ವಿಷಯದಲ್ಲಿ ಎರಡು ದೀಪಗಳು ಬೇಕು, ಎರಡರ ಕೆಲಸವೂ ಬೇರೆ. ಒಂದು, ಬಿಸಿಲು ಕಾಯಿಸಿಕೊಳ್ಳಲು ಸಾಮಾನ್ಯ ಬಿಳಿ ಬಲ್ಬು; ಇದನ್ನು ಗೂಡಿನ ಹೊರಗೆ, ಮಾಡಿನ ಜಾಲರಿಯ ಮೇಲೆ ಇರಿಸಿ, ಅದರ ಕೆಳಗಿನ ರೆಂಬೆಯಲ್ಲಿ ಪ್ರಾಣಿಯ ಬೆನ್ನು ಬರುವ ಎತ್ತರಕ್ಕೆ ತಾಪಮಾಪಕ ಹಿಡಿದಾಗ ಬೆಳೆದ ಗಂಡಿಗೆ 29ರಿಂದ 32 ಡಿಗ್ರಿ ಸೆಲ್ಸಿಯಸ್, ಮರಿಗಳಿಗೂ ಹೆಣ್ಣಿಗೂ 27ರ ಆಸುಪಾಸು ಬರುವಂತೆ ಹೊಂದಿಸಬೇಕು. ಇನ್ನೊಂದು, ಯುವಿಬಿ ಎಂಬ ಅತಿನೇರಳೆ ಕಿರಣ ಸೂಸುವ ಉದ್ದನೆಯ ಟಿ5 ಟ್ಯೂಬು. ಚರ್ಮದ ಮೇಲೆ ಈ ಕಿರಣ ಬಿದ್ದಾಗ ವಿಟಮಿನ್ ಡಿ3 ತಯಾರಾಗಿ, ಅದರ ನೆರವಿನಿಂದ ದೇಹ ಆಹಾರದ ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ, ಅದಿಲ್ಲದಿದ್ದರೆ ಮೂಳೆಗಳು ಮೆತ್ತಗಾಗಿ ಕಾಲುಗಳು ಬಿಲ್ಲಿನಂತೆ ಬಾಗುತ್ತವೆ. ಕಿಟಕಿಯ ಗಾಜು ಯುವಿಬಿಯನ್ನು ತಡೆಯುವುದರಿಂದ, ಗಾಜಿನ ಹಿಂದೆ ಬಿಸಿಲಿಗೆ ಇಟ್ಟರೆ ಸಿಗುವುದು ಶಾಖ ಮಾತ್ರ. ಕಿರಣದ ತೀವ್ರತೆಯನ್ನು ತಿಳಿಸುವ ಯುವಿ ಸೂಚ್ಯಂಕ ಬಿಸಿಲಿನ ರೆಂಬೆಯ ಮೇಲೆ ಸುಮಾರು 3 ಇರಬೇಕು, ಟ್ಯೂಬು ಉರಿಯುತ್ತಿದ್ದರೂ ಯುವಿಬಿ ಕುಗ್ಗುತ್ತ ಹೋಗುವುದರಿಂದ ವರ್ಷಕ್ಕೊಮ್ಮೆ ಬದಲಿಸಬೇಕು. ಎರಡು ದೀಪಗಳನ್ನೂ ಟೈಮರಿಗೆ ಜೋಡಿಸಿದರೆ, ಟ್ಯೂಬು ದಿನಕ್ಕೆ 12 ಗಂಟೆ ಉರಿದು, ಶಾಖದ ಬಲ್ಬು ಬೆಳಗಿನ ಕೆಲವು ಗಂಟೆ ಮಾತ್ರ ಉರಿಯುವಂತೆ ಮಾಡಬಹುದು. ರಾತ್ರಿ ಪೂರ್ತಿ ಕತ್ತಲೆಯಿರಬೇಕು. ಕೆಂಪು ಬಲ್ಬು, ಬಿಸಿಕಲ್ಲು, ಕೆಳಗಿಡುವ ಹೀಟಿಂಗ್ ಮ್ಯಾಟ್ ಯಾವುದೂ ಬೇಡ.

ಇನ್ನು ನೀರಿನ ವಿಷಯ. ಇದನ್ನು ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಉಳಿದೆಲ್ಲವನ್ನೂ ಸರಿಯಾಗಿ ಮಾಡಿದವರೂ ಎಡವುವುದು ಇಲ್ಲಿಯೇ. ಕಾಡಿನ ಗೋಸುಂಬೆ ಎಲೆಯ ಮೇಲೆ ಕೂಡುವ ಇಬ್ಬನಿಯನ್ನೂ ಮಳೆಹನಿಯನ್ನೂ ನೆಕ್ಕಿ ಬದುಕುವ ಪ್ರಾಣಿಯಾದ್ದರಿಂದ, ಅದರ ಕಣ್ಣಿಗೆ ನೀರೆಂದರೆ ಎಲೆಯ ತುದಿಯಲ್ಲಿ ಹೊಳೆಯುವ, ಅಲುಗುವ ಹನಿ. ಬಟ್ಟಲಲ್ಲಿ ನಿಂತ ನೀರನ್ನು ಅದು ಬಹುಮಟ್ಟಿಗೆ ಗುರುತಿಸುವುದೇ ಇಲ್ಲ. ಹೀಗೆ ಬಟ್ಟಲು ತುಂಬಿದ್ದಂತೆಯೇ ಪ್ರಾಣಿ ದಿನದಿನಕ್ಕೆ ಬತ್ತುತ್ತದೆ, ಬಟ್ಟಲಲ್ಲಿ ಸತ್ತ ಹುಳುಗಳೂ ಹಿಕ್ಕೆಯೂ ಸೇರಿ ಕೊಳೆಯುತ್ತವೆ. ಬತ್ತಿದ ಮೈಯ ಗುರುತನ್ನು ಹಿಕ್ಕೆಯ ಜೊತೆಗೆ ಬೀಳುವ ಯುರೇಟ್ ಎಂಬ ಗಟ್ಟಿ ಮೂತ್ರದಲ್ಲಿ ಕಾಣಬಹುದು: ಅದು ಬೆಳ್ಳಗಿದ್ದರೆ ನೀರು ಸಾಲುತ್ತಿದೆ, ತುದಿಯಲ್ಲಿ ಸ್ವಲ್ಪ ಹಳದಿಯಿದ್ದರೂ ಚಿಂತೆಯಿಲ್ಲ, ಇಡೀ ಗಂಟು ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಸಾಲುತ್ತಿಲ್ಲ. ಕಣ್ಣು ಒಳಗೆ ಇಳಿದು, ಹಗಲಲ್ಲೇ ಮುಚ್ಚಿಕೊಂಡಿದ್ದರೆ ಸ್ಥಿತಿ ಕೈಮೀರುತ್ತಿದೆ ಎಂದೇ ತಿಳಿಯಬೇಕು.

ಬಟ್ಟಲು ತಪ್ಪೆಂದು ಅರಿತವರು ಮಾಡುವ ಎರಡನೆಯ ತಪ್ಪು, ಹೊತ್ತು ಗೊತ್ತಿಲ್ಲದೆ ಸ್ಪ್ರೇ ಬಾಟಲಿ ಹಿಡಿದು ಗೂಡನ್ನೆಲ್ಲ ತೋಯಿಸುವುದು. ಬೆಚ್ಚನೆಯ, ಒದ್ದೆಯಾದ, ಅಲುಗದ ಗಾಳಿಯಲ್ಲಿ ಶ್ವಾಸಕೋಶದ ಸೋಂಕು ಸುಲಭವಾಗಿ ತಗಲುತ್ತದೆ. ಯೆಮನ್ನಿನ ಬೆಟ್ಟದ ಇಳಿಜಾರುಗಳಲ್ಲಿ ಹಗಲು ಒಣಹವೆ, ರಾತ್ರಿ ತಂಪಿನ ಜೊತೆಗೆ ತೇವ. ಗೂಡಿನಲ್ಲೂ ಅದೇ ಕ್ರಮ ನಡೆಯಬೇಕು. ಹಗಲಿನಲ್ಲಿ ಶೇಕಡ 30ರಿಂದ 50ರಷ್ಟು ತೇವಾಂಶ ಸಾಕು, ರಾತ್ರಿ ಅದು ಶೇಕಡ 75ನ್ನು ದಾಟಬಹುದು. ಆದ್ದರಿಂದ ನೀರು ಸಿಂಪಡಿಸುವ ಹೊತ್ತುಗಳು ಎರಡು: ಬೆಳಿಗ್ಗೆ ದೀಪ ಹೊತ್ತುವ ಮುಂಚೆ ಎರಡು ನಿಮಿಷ, ಸಂಜೆ ದೀಪ ಆರಿದ ಮೇಲೆ ಎರಡು ನಿಮಿಷ. ಮಂಜು ಹೊಗೆಯಂತೆ ಬಿಡುವ ಫಾಗರ್ ಯಂತ್ರವನ್ನು ಕೋಣೆಯ ತಾಪಮಾನ 20 ಡಿಗ್ರಿಯ ಆಸುಪಾಸಿಗೆ ಇಳಿಯುವ ರಾತ್ರಿಗಳಲ್ಲಿ ಮಾತ್ರ ಬಳಸಬೇಕು, ಅದರ ತೊಟ್ಟಿಯನ್ನು ವಾರವಾರ ತಿಕ್ಕಿ ತೊಳೆಯಲಾಗದವರು ಅದನ್ನು ಕೊಳ್ಳದಿರುವುದೇ ಲೇಸು. ಎಲೆಗಳು ಬೆಳಗಿನ ಹೊತ್ತು ಕಳೆಯುವಷ್ಟರಲ್ಲಿ ಪೂರ್ತಿ ಒಣಗದಿದ್ದರೆ ನೀರು ಹೆಚ್ಚಾಯಿತು ಅಥವಾ ಗಾಳಿ ಕಡಿಮೆಯಾಯಿತು ಎಂದರ್ಥ.

ಇದರ ಜೊತೆಗೆ ಮಧ್ಯಾಹ್ನದ ಹೊತ್ತು ತೊಟ್ಟಿಕ್ಕುವ ನೀರಿನ ಏರ್ಪಾಡು ಇರಲಿ. ದುಬಾರಿ ಸಲಕರಣೆ ಬೇಕಿಲ್ಲ. ಮುಚ್ಚಳವಿರುವ ಒಂದು ಡಬ್ಬಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಹೊಸ ಡ್ರಿಪ್ ಸೆಟ್ಟನ್ನು ಜೋಡಿಸಿ ಗೂಡಿನ ಮಾಡಿನ ಮೇಲಿಟ್ಟು, ಅದರ ಚಕ್ರವನ್ನು ತಿರುಗಿಸಿ ಒಂದೆರಡು ಸೆಕೆಂಡಿಗೆ ಒಂದು ಹನಿಯಂತೆ, ದಪ್ಪ ಎಲೆಯೊಂದರ ಮೇಲೆ ಬಿದ್ದು ಅಲ್ಲಿಂದ ಕೆಳಗಿನ ಎಲೆಗೆ ಜಾರುವಂತೆ ಮಾಡಿದರೆ ಸಾಕು. ಹನಿ ಬೀಳತೊಡಗಿದ ಕೂಡಲೇ ಪ್ರಾಣಿ ಬರುವುದಿಲ್ಲ. ಮೊದಲು ಒಂದು ಕಣ್ಣು ಆ ಕಡೆ ಹೊರಳುತ್ತದೆ, ಬಳಿಕ ಇನ್ನೊಂದು. ಗಾಳಿಗೆ ತೂಗುವ ಎಲೆಯಂತೆ ಹಿಂದೆ ಮುಂದೆ ಆಡುತ್ತ ಒಂದೊಂದೇ ಹೆಜ್ಜೆಯಿಟ್ಟು ಬಂದು, ಎಲೆಯ ಅಂಚಿಗೆ ಬಾಯಿ ತಾಗಿಸಿ, ಏನನ್ನೋ ಮೆಲುಕು ಹಾಕುವಂತೆ ದವಡೆಯಾಡಿಸುತ್ತ ಹಲವು ನಿಮಿಷ ಕುಡಿಯುತ್ತದೆ. ಈ ಹೊತ್ತಿನಲ್ಲಿ ಯಾರಾದರೂ ಎದುರು ನಿಂತರೆ ಕುಡಿಯುವುದನ್ನು ಬಿಟ್ಟು ರೆಂಬೆಯ ಆಚೆ ಬದಿಗೆ ಸರಿಯುತ್ತದೆಯಾದ್ದರಿಂದ, ಹನಿ ಬಿಟ್ಟವರು ಕೋಣೆಯಿಂದ ಹೊರಗೆ ಹೋಗುವುದು ಒಳ್ಳೆಯದು.

ಇಷ್ಟು ನೀರು ಒಳಗೆ ಬಂದ ಮೇಲೆ ಅದು ಹೊರಗೆ ಹೋಗಲು ದಾರಿಯೂ ಬೇಕು. ಗೂಡಿನ ತಳಕ್ಕೆ ಅಲ್ಲಲ್ಲಿ ರಂಧ್ರ ಕೊರೆದು, ನಾಲ್ಕು ಮೂಲೆಗೆ ಮರದ ತುಂಡಿಟ್ಟು ಎತ್ತರಿಸಿ, ಕೆಳಗೆ ಅಗಲವಾದ ತಟ್ಟೆ ಇಟ್ಟು ದಿನವೂ ಚೆಲ್ಲಬೇಕು. ಹೊಸಬರು ತಳಕ್ಕೆ ಏನನ್ನೂ ಹರಡದೆ ಬರಿದಾಗಿ ಬಿಡಬೇಕು, ಏಕೆಂದರೆ ಒದ್ದೆಯಾದ ಮರದ ಹೊಟ್ಟು ಬೂಸು ಹಿಡಿಯುತ್ತದೆ, ಹುಳುವಿನ ಜೊತೆ ನಾಲಿಗೆಗೆ ಅಂಟಿದ ಚೂರು ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕುಂಡದ ಮಣ್ಣಿನ ಮೇಲೆ ಪ್ರಾಣಿ ನುಂಗಲಾಗದಷ್ಟು ದೊಡ್ಡ ಕಲ್ಲುಗಳನ್ನು ಹೊಂದಿಸಬೇಕು.

ಹೀಗೆ ಸಿದ್ಧವಾದ ಗೂಡನ್ನು ಪ್ರಾಣಿಯಿಲ್ಲದೆ ಒಂದು ವಾರ ನಡೆಸಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ತಾಪಮಾನ ಹಾಗೂ ತೇವಾಂಶವನ್ನು ಗುರುತು ಹಾಕಿಕೊಂಡು, ಅಂಕಿಗಳು ಸ್ಥಿರವಾದ ಮೇಲೆಯೇ ಗೋಸುಂಬೆಯನ್ನು ತರಬೇಕು. ತಂದ ಮೇಲೆ ಮೊದಲ ಎರಡು ವಾರ ಅದನ್ನು ಕೈಗೆತ್ತಿಕೊಳ್ಳಬಾರದು.

ಉಳಿದುದನ್ನು ಸಂಕ್ಷೇಪವಾಗಿ ಹೇಳುವುದಾದರೆ, ಚಿಮ್ಮುಂಡೆ ಜಾತಿಯ ಕ್ರಿಕೆಟ್ ಹುಳು, ಡೂಬಿಯಾ ಜಿರಳೆ ಮೊದಲಾದ ಸಾಕಿದ ಹುಳುಗಳಿಗೆ ಒಂದು ದಿನ ಮೊದಲೇ ಸೊಪ್ಪು ತರಕಾರಿ ತಿನ್ನಿಸಿ, ಡಿ3 ಬೆರೆಸದ ಕ್ಯಾಲ್ಸಿಯಂ ಪುಡಿ ಲೇಪಿಸಿ ಕೊಡಬೇಕು, ಡಿ3 ಇರುವ ವಿಟಮಿನ್ ಪುಡಿ ತಿಂಗಳಿಗೆ ಎರಡು ಸಲ ಸಾಕು. ಹೆಣ್ಣು ಗಂಡಿನ ಸಂಪರ್ಕವಿಲ್ಲದೆಯೂ ಮೊಟ್ಟೆಯಿಡುತ್ತದೆ. ತೋಡಲು ಜಾಗ ಸಿಗದಿದ್ದರೆ ಮೊಟ್ಟೆಗಳು ಹೊಟ್ಟೆಯಲ್ಲೇ ಉಳಿದು ಪ್ರಾಣ ಹೋಗುವುದರಿಂದ, ಒಂದಡಿ ಆಳದ ಡಬ್ಬಿಯಲ್ಲಿ ಗುಣಿ ತೋಡಿದರೆ ಕುಸಿಯದಷ್ಟು ಒದ್ದೆಯಾದ ತೊಳೆದ ಮರಳನ್ನು ತುಂಬಿ ಗೂಡಿನ ತಳದಲ್ಲಿ ಇಟ್ಟಿರಬೇಕು. ಸರೀಸೃಪಗಳಿಗೆ ಚಿಕಿತ್ಸೆ ನೀಡುವ ಪಶುವೈದ್ಯರು ಎಲ್ಲ ಊರುಗಳಲ್ಲಿ ಸಿಗುವುದಿಲ್ಲವಾದ್ದರಿಂದ, ಅಂಥವರೊಬ್ಬರ ವಿಳಾಸವನ್ನು ಗೂಡು ಕೊಳ್ಳುವ ಮೊದಲೇ ಹುಡುಕಿ ಇಟ್ಟುಕೊಳ್ಳಬೇಕು.