ಪುಟಾಣಿಗಳಿಗೆ ನಮ್ಮೂರ ಚಳಿಗಾಲ: ಟೀಚರಮ್ಮಂದಿರಿಗೆ ಕಿವಿಮಾತು

ದೀಪಾವಳಿ ದಾಟಿದರೆ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬೆಳಗ್ಗೆ ಮೈ ನಡುಗುತ್ತದೆ, ಮಧ್ಯಾಹ್ನ ಬೆವರು ಬರುತ್ತದೆ. ನಮ್ಮ ಚಳಿಗಾಲ ಎಂದರೆ ಇದೇ. ಅಂಗನವಾಡಿಯಲ್ಲಿ, ಎಲ್‌ಕೆಜಿ, ಯುಕೆಜಿ ಕೋಣೆಯಲ್ಲಿ ಇದನ್ನು ಆಟಪಾಠ ಮಾಡಲು ಹೊರಟ ತಾಯಂದಿರೇ, ನೀವು ಮನಸ್ಸಿಟ್ಟು ಮಾಡುತ್ತೀರಿ, ಅದರಲ್ಲಿ ಸಂಶಯವಿಲ್ಲ. ಆದರೆ ಸರ್ವೆ, ರಿಜಿಸ್ಟರು, ಪೋಷಣ್ ಟ್ರ್ಯಾಕರ್ ಎಂದು ಓಡಾಡುವಾಗ ಸಣ್ಣ ಸಂಗತಿಗಳು ಕೈಜಾರುತ್ತವೆ. ಅದಕ್ಕೇ ಈ ಮಾತುಗಳು.

• ಹತ್ತಿ ಅಂಟಿಸಿ ಹಿಮದ ಗೊಂಬೆ ಮಾಡಿಸುವುದನ್ನು ಈ ಸಲ ಬಿಡಿ. ಪರಶುರಾಂಪುರದ ಮಗು ಹಿಮ ಕಂಡಿಲ್ಲ. ಕಂಬಳಿ ಕಂಡಿದೆ, ಇಬ್ಬನಿ ಕಂಡಿದೆ, ಅವರೆಕಾಯಿ ಸುಲಿದಿದೆ. ಕಂಡದ್ದರಿಂದ ಶುರು ಮಾಡಿ, ಬಾಯೇ ಬಿಡದ ಮಗುವೂ ಮಾತಾಡುತ್ತದೆ.

• ಟಿ.ವಿ. ನೋಡಿ ಬಂದ ಮಗು ಹಿಮ ಎಂದರೇನು ಅಂತ ಕೇಳಿಯೇ ಕೇಳುತ್ತದೆ. ಆಗ ಒಂದೆರಡು ಐಸ್ ತುಂಡು ತರಿಸಿ. ಒಂದನ್ನು ತಟ್ಟೆಯಲ್ಲಿ ಬಿಸಿಲಿಗಿಡಿ, ಸುತ್ತ ಕೂತು ಕರಗುವುದನ್ನು ನೋಡಲಿ. ಇನ್ನೊಂದನ್ನು ಚೆನ್ನಾಗಿ ಒರೆಸಿದ ಸ್ಟೀಲ್ ಲೋಟದೊಳಗೆ ಹಾಕಿಡಿ. ಸ್ವಲ್ಪ ಹೊತ್ತಿಗೆ ಲೋಟದ ಹೊರಮೈ ಬೆವರುತ್ತದೆ. ಹುಲ್ಲಿನ ಮೇಲೆ ಇಬ್ಬನಿ ಕೂರುವುದೂ ಹೀಗೇ ಎಂದರೆ ಸಾಕು, ಮುಂದಿನದು ಬೇಡ. ಐಸನ್ನು ಬಾಯಿಗೆ ಹಾಕಲು ಬಿಡಬೇಡಿ, ಅದು ಯಾವ ನೀರಿನದೋ.

• ಇಬ್ಬನಿ ತೋರಿಸಬೇಕೆಂದರೆ ಹತ್ತು ಗಂಟೆಗೆ ಹೊರಗೆ ಕರೆದೊಯ್ಯಬೇಡಿ, ಅಷ್ಟರಲ್ಲಿ ಆರಿರುತ್ತದೆ. ಬರುವ ದಾರಿಯಲ್ಲೇ ಬೇಲಿಯ ಜೇಡರ ಬಲೆ ತೋರಿಸಿ ಎಂದು ಹಿಂದಿನ ದಿನವೇ ಮಕ್ಕಳ ತಾಯಂದಿರಿಗೆ ಹೇಳಿ ಕಳಿಸಿ.

• ನವೆಂಬರ್‌ನಲ್ಲೇ ಒಂದು ಚೀಲ ಇಡಿ. ಹಳೆಯ ಲಗ್ನಪತ್ರಿಕೆ, ಶೇಂಗಾ ಸಿಪ್ಪೆ, ಬಾಟಲಿ ಮುಚ್ಚಳ, ಬಟ್ಟೆ ಚೂರು ಸಿಕ್ಕಿದಂತೆಲ್ಲ ಅದರೊಳಗೆ ಹಾಕುತ್ತಾ ಬನ್ನಿ. ಚಟುವಟಿಕೆಯ ದಿನ ಬೆಳಗ್ಗೆ ಅಂಗಡಿಗೆ ಓಡಿದರೆ ಥರ್ಮಾಕೋಲು, ಮಿನುಗು ಕಾಗದಕ್ಕೆ ನಿಮ್ಮ ಕೈಯಿಂದಲೇ ದುಡ್ಡು ಹೋಗುತ್ತದೆ.

• ಅಂಗನವಾಡಿಯವರು ‘ಚಿಲಿಪಿಲಿ’ ಪುಸ್ತಕವನ್ನು ಪಕ್ಕಕ್ಕಿಡಬೇಕಿಲ್ಲ. ಅದರ ಆಟಗಳಿಗೇ ಊರ ಸಾಮಾನು ಜೋಡಿಸಿ, ಎರಡು ಕೆಲಸ ಒಂದಾಗುತ್ತದೆ.

• ಕಂಬಳಿಗೆ ಒಂದು ವಾರ ಪೂರ್ತಿ ಕೊಡಿ. ಚಳ್ಳಕೆರೆ ಸೀಮೆಯ ಕಂಬಳಿಗೆ ದೂರದ ಊರುಗಳಲ್ಲೂ ಹೆಸರಿದೆ, ಅದನ್ನು ಹೊದ್ದು ಬೆಳೆದ ಮಕ್ಕಳಿಗೆ ಅದರ ಕಥೆ ಗೊತ್ತಿಲ್ಲದಿದ್ದರೆ ನನಗೆ ಸಂಕಟವಾಗುತ್ತದೆ. ನೇಯುವ ಮನೆಯ ಅಜ್ಜನನ್ನೋ ಅಜ್ಜಿಯನ್ನೋ ಕರೆಸಿ. ಕುರಿಯ ಉಣ್ಣೆ ಕತ್ತರಿಸುವುದು, ನೂಲುವುದು, ಹುಣಸೆ ಬೀಜದ ಗಂಜಿ ಹಚ್ಚಿ ನೂಲು ಬಿಗಿ ಮಾಡುವುದು, ಗುಂಡಿ ಮಗ್ಗದಲ್ಲಿ ಕೂತು ನೇಯುವುದು, ಎಲ್ಲವನ್ನೂ ಅವರ ಬಾಯಿಂದಲೇ ಹೇಳಿಸಿ. ನೀವು ಹೇಳಿದರೆ ಅದು ಪಾಠವಾಗುತ್ತದೆ, ಅಜ್ಜಿ ಹೇಳಿದರೆ ಮಗು ಮನೆಗೆ ಹೋಗಿ ಮತ್ತೆ ಹೇಳುತ್ತದೆ. ಬಂದವರಿಗೆ ಟೀ ಕೊಡುವುದನ್ನು ಮರೆಯಬೇಡಿ, ಅರ್ಧ ದಿನದ ಕೂಲಿ ಬಿಟ್ಟು ಬಂದಿರುತ್ತಾರೆ.

• ಕಂಬಳಿಯನ್ನು ಹೊರಗೆ ಚೆನ್ನಾಗಿ ಕೊಡವಿದ ಮೇಲೆಯೇ ಮಕ್ಕಳ ಕೈಗೆ ಕೊಡಿ. ದಮ್ಮು, ಕೆಮ್ಮು ಇರುವ ಮಗುವಿಗೆ ಮುಖಕ್ಕೆ ಹೊದಿಸಬೇಡಿ. ಉಳಿದವರು ಕೊಪ್ಪೆ ಹಾಕಿಕೊಂಡು ಕುರಿ ಕಾಯುವ ಆಟ ಆಡಲಿ. ಬೇರೆ ವೇಷವೇ ಬೇಡ.

• ಕಣ್ಣು ಮುಚ್ಚಿ ಮುಟ್ಟಿ ಹೇಳುವ ಆಟ ಆಡಿಸಿ: ಉಣ್ಣೆ, ಹತ್ತಿ ಬಟ್ಟೆ, ಗೋಣಿ, ರೇಷ್ಮೆ. ಮೊಳಕಾಲ್ಮೂರಿನವರಿಗೆ ರೇಷ್ಮೆ ಚೂರು ಹುಡುಕುವ ಕಷ್ಟವಿಲ್ಲ, ಅಲ್ಲಿನ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೇ ಇದೆ. ಆದರೆ ನೇಕಾರರ ಮನೆಯಲ್ಲಿ ಬೆಲೆಬಾಳುವ ತುಂಡು ಕೇಳಬೇಡಿ, ಬಿಸಾಡುವ ನೂಲು ಸಾಕು. ಯಾವುದು ಚುಚ್ಚುತ್ತದೆ, ಯಾವುದು ಬೆಚ್ಚಗಿದೆ ಎಂದು ಮಕ್ಕಳೇ ಹೇಳಲಿ.

• ಆ ಚೀಲದ ಲಗ್ನಪತ್ರಿಕೆಗಳನ್ನು ಉದ್ದ ಪಟ್ಟಿ ಕತ್ತರಿಸಿ ಹಾಸು, ಹೊಕ್ಕು ಹೆಣೆಸಿ. ಪಟ್ಟಿ ಎರಡು ಬೆರಳು ಅಗಲ ಇರಲಿ, ಸಣ್ಣದಾದರೆ ಪುಟ್ಟ ಕೈಗೆ ಸಿಗದೆ ಮಗು ಬೇಸರಪಟ್ಟುಕೊಳ್ಳುತ್ತದೆ. ಕತ್ತರಿ ನಿಮ್ಮ ಕೈಯಲ್ಲೇ ಇರಲಿ.

• ನಾಲ್ಕು ವರ್ಷದ ಮಕ್ಕಳ ಮುಂದೆ ಶೇಂಗಾ ಬೀಜ ಸುರಿಯಬೇಡಿ ತಾಯಿ, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಎಣ್ಣೆ ಗಿರಣಿಗಳ ಊರು ನಮ್ಮದು, ಮನೆ ತುಂಬ ಶೇಂಗಾ ಇರುತ್ತದೆ, ಅದಕ್ಕೇ ಭಯ ಹೋಗಿದೆ. ಇಡೀ ಬೀಜ ಉಸಿರುನಾಳಕ್ಕೆ ಹೋದರೆ ಚಿತ್ರದುರ್ಗಕ್ಕೆ ಓಡುವಷ್ಟು ಸಮಯ ಇರುವುದಿಲ್ಲ. ಐದು ತುಂಬುವವರೆಗೆ ಪುಡಿ ಮಾಡಿ ಕೊಡಿ. ಹುಣಸೆ ಬೀಜ, ಅವರೆ ಕಾಳು ಮೂಗಿಗೆ, ಕಿವಿಗೆ ಹೋಗುತ್ತವೆ. ಎಣಿಸಲು ಶೇಂಗಾ ಸಿಪ್ಪೆಯೋ ದೊಡ್ಡ ಮುಚ್ಚಳವೋ ಸಾಕು. ಸಿಪ್ಪೆ ಅಂಟಿಸಿ ಕುರಿ ಮಾಡಿಸಬಹುದು, ದೋಣಿ ಮಾಡಿಸಬಹುದು, ಕಾಸು ಖರ್ಚಿಲ್ಲ.

• ಅವರೆಕಾಯಿ ಸುಲಿಸಿ, ಬೆರಳಿಗೆ ಅದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಮುಂದೆ ಪೆನ್ಸಿಲ್ ಹಿಡಿಯುವ ಬೆರಳು ಅದೇ ತಾನೇ. ಒಮ್ಮೆಗೆ ನಾಲ್ಕೈದು ಮಕ್ಕಳನ್ನು ಮಾತ್ರ ಕೂರಿಸಿ, ಕಣ್ಣು ಅವರ ಮೇಲಿರಲಿ. ಸುಲಿದ ಕಾಳು ಅಂದಿನ ಸಾರಿಗೇ ಬೀಳಲಿ. ತಾನು ಸುಲಿದದ್ದು ಎಂದು ತಟ್ಟೆ ಖಾಲಿ ಮಾಡುತ್ತಾರೆ.

• ಬೆಳಗಿನ ಪ್ರಾರ್ಥನೆಯನ್ನು ಎಳೆಬಿಸಿಲಿಗೆ ತನ್ನಿ. ಒಳಗಿನ ಸಿಮೆಂಟು ನೆಲ ಕೊರೆಯುತ್ತದೆ, ಕೂರಿಸುವಾಗ ಜಮಖಾನವೋ ಗೋಣಿಯೋ ಹಾಸಿ.

• ಬಿಸಿಲಿಗೆ ಬಂದಾಗ ನೆರಳಿನ ಆಟ ಮರೆಯಬೇಡಿ. ಒಂದು ಮಗುವನ್ನು ನಿಲ್ಲಿಸಿ ಸೀಮೆಸುಣ್ಣದಲ್ಲಿ ನೆರಳು ಬರೆಯಿರಿ. ಮಧ್ಯಾಹ್ನ ಹನ್ನೆರಡೂಕಾಲು ದಾಟಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಬರೆಯಿರಿ. ನಮ್ಮಲ್ಲಿ ಏಪ್ರಿಲ್ ಕೊನೆಗೆ ನಡುಮಧ್ಯಾಹ್ನದ ನೆರಳು ಕಾಲಡಿಗೇ ಬಂದುಬಿಡುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ, ಆಗಲೂ ಮಗುವಿನ ಎತ್ತರದ ಮುಕ್ಕಾಲು ಪಾಲು ನೆರಳು ಉತ್ತರಕ್ಕೆ ಚಾಚಿರುತ್ತದೆ. ಡಿಸೆಂಬರ್‌ನ ಅಳತೆಗೆ ಒಂದು ದಾರ ಕತ್ತರಿಸಿ, ಮಗುವಿನ ಹೆಸರು ಬರೆದು ಇಡಿ. ಬೇಸಿಗೆ ರಜೆಗೆ ಮುಂಚೆ ಮತ್ತೆ ಅಳೆಯಲು ಬೇಕಾಗುತ್ತದೆ, ದಾರ ಕಳೆದರೆ ಆಟ ಅರ್ಧಕ್ಕೇ ನಿಲ್ಲುತ್ತದೆ.

• ಸ್ವೆಟರ್ ಹಾಕುವುದು, ಬಿಚ್ಚುವುದು, ಮಡಚುವುದು, ಗುಂಡಿ ಹಾಕುವುದನ್ನೇ ಒಂದು ಚಟುವಟಿಕೆ ಮಾಡಿ. ಅವಸರಕ್ಕೆ ನೀವೇ ಹಾಕಿಬಿಡಬೇಡಿ. ಹನ್ನೊಂದು ಗಂಟೆಗೆ ಎಲ್ಲರದನ್ನೂ ಬಿಚ್ಚಿಸಿ, ಇಲ್ಲದಿದ್ದರೆ ಬೆವರಿ ಒದ್ದೆಯಾಗುತ್ತಾರೆ. ಒಳಗಡೆ ದಾರದಲ್ಲಿ ಗುರುತು ಹಾಕಿಸಿ. ಜಾತ್ರೆಯಲ್ಲಿ ಕೊಂಡ ಸ್ವೆಟರ್‌ಗಳೆಲ್ಲ ಒಂದೇ ಬಣ್ಣ, ಸಂಜೆ ತಾಯಂದಿರ ಜಗಳ ಬಿಡಿಸಲು ನಿಮಗೆ ಪುರುಸೊತ್ತಿರುವುದಿಲ್ಲ.

• ನಮ್ಮದು ಒಣಹವೆ, ಮಕ್ಕಳ ತುಟಿ ಕೆನ್ನೆ ಒಡೆಯುತ್ತವೆ. ಕೈ ತೊಳೆಸಿದ ಮೇಲೆ ಒಬ್ಬೊಬ್ಬರಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಕೊಡಿ, ತಾವೇ ಹಚ್ಚಿಕೊಳ್ಳಲಿ. ಬಣ್ಣದ ಕೆಲಸ ಇದ್ದರೆ ಅದು ಮುಗಿದ ಮೇಲೆ ಹಚ್ಚಿಸಿ, ಎಣ್ಣೆ ಕೈ ತಾಗಿದ ಕಾಗದ ಬಣ್ಣ ಹಿಡಿಯುವುದಿಲ್ಲ.

• ನೀರು ಕುಡಿಸಿ. ಚಳಿಯಲ್ಲಿ ಮಕ್ಕಳು ಕೇಳುವುದಿಲ್ಲ, ನಾವೂ ಮರೆಯುತ್ತೇವೆ.

• ಬೆಂಕಿ ಕಾಯಿಸುವ ಆಟಕ್ಕೆ ಕೆಂಪು, ಹಳದಿ ಕಾಗದ ಇಡಿ. ಎಷ್ಟೇ ಸಣ್ಣದಾದರೂ ನಿಜವಾದ ಬೆಂಕಿ ಬೇಡ, ನೈಲಾನ್ ಸ್ವೆಟರ್‌ಗೆ ಕಿಡಿ ತಾಗಿದರೆ ಮೈಗೇ ಅಂಟುತ್ತದೆ.

• ಜೋಳದ ಹೊಲ ಹತ್ತಿರವಿದ್ದರೆ ಗುಲಾಬಿ ಕಬ್ಬಕ್ಕಿ ತೋರಿಸಿ. ದೂರದ ಮಧ್ಯ ಏಷ್ಯಾದ ಕಡೆಯಿಂದ ಚಳಿಗೆ ನಮ್ಮಲ್ಲಿಗೆ ಬರುವ ಹಕ್ಕಿ ಎಂದರೆ ಮಕ್ಕಳು ಕಣ್ಣರಳಿಸುತ್ತಾರೆ. ಬ್ರಹ್ಮಗಿರಿ, ಅಶೋಕನ ಶಾಸನ ದೊಡ್ಡ ತರಗತಿಯವರಿಗಿರಲಿ, ಪುಟ್ಟ ಕಾಲಿಗೆ ಊರ ಹೊಲವೇ ಪ್ರವಾಸ.

• ದೇವರ ಎತ್ತುಗಳ ರೊಪ್ಪ ತೋರಿಸುವುದಾದರೆ ಮೊದಲು ಅವುಗಳನ್ನು ಕಾಯುವ ಕಿಲಾರಿಯವರನ್ನು ಕೇಳಿ, ಅಲ್ಲಿ ಅವರದೇ ಕಟ್ಟುಪಾಡುಗಳಿವೆ. ಚಳಿಗೆ ದನ ಕುರಿ ಎಲ್ಲಿ ಮಲಗುತ್ತವೆ ಎಂದು ಮಕ್ಕಳೇ ಕೇಳಲಿ, ನೀವು ಮಧ್ಯೆ ಬಾಯಿ ಹಾಕಬೇಡಿ.

• ಮನೆಯಲ್ಲಿ ತೆಲುಗು, ಲಂಬಾಣಿ ಆಡುವ ಮಕ್ಕಳು ತಮ್ಮ ಮಾತಿನಲ್ಲೇ ಹೇಳಿದರೆ ತಿದ್ದಬೇಡಿ, ತಿದ್ದಿದರೆ ಸುಮ್ಮನಾಗಿಬಿಡುತ್ತಾರೆ. ಆಂಧ್ರದ ಗಡಿಗೆ ಅಂಟಿದ ಮೊಳಕಾಲ್ಮೂರಿನಲ್ಲಂತೂ ಇದು ನೆನಪಿರಲಿ.

• ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಹಬ್ಬದ ಹಿಂದಿನ ದಿನಕ್ಕೆ ತಳ್ಳಬೇಡಿ, ಅಂದು ಅರ್ಧ ಮಕ್ಕಳು ಊರಿಗೆ ಹೋಗಿರುತ್ತಾರೆ. ಒಂದು ವಾರ ಮೊದಲೇ ಮಾಡಿ. ಎಳ್ಳನ್ನು ಮನೆಯಲ್ಲೇ ಹುರಿದು ತನ್ನಿ, ಕೊಬ್ಬರಿ ತುರಿಯಿರಿ, ಶೇಂಗಾ ಪುಡಿ ಮಾಡಿ. ಶೇಂಗಾ, ಎಳ್ಳು ಒಗ್ಗದ ಮಗು ಇದೆಯೇ ಎಂದು ತಾಯಂದಿರನ್ನು ಮೊದಲೇ ವಿಚಾರಿಸಿ. ಕಲಸುವುದು, ಹಂಚುವುದು ಮಕ್ಕಳ ಕೆಲಸ. ಪೊಟ್ಟಣಕ್ಕೆ ಬಿಳಿ ಕಾಗದ ಬಳಸಿ, ಪೇಪರಿನ ಮಸಿ ಬೆಲ್ಲಕ್ಕೆ ಹತ್ತುತ್ತದೆ.

• ಎಲ್ಲ ಮುಗಿದ ಮೇಲೆ ಉಣ್ಣೆ ಚೂರು, ಕಂಬಳಿ ತುಂಡನ್ನು ಒಂದು ದಿನ ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಎಲೆ ಸೇರಿಸಿ ಕಟ್ಟಿಡಿ. ನುಸಿಗುಳಿಗೆ ಮಾತ್ರ ಇಡಬೇಡಿ, ಬಿಳಿ ಪೆಪ್ಪರಮಿಂಟು ಎಂದು ಮಗು ಬಾಯಿಗೆ ಹಾಕಿಕೊಳ್ಳುತ್ತದೆ. ಚೀಲದ ಮೇಲೆ ಏನೇನಿದೆ ಎಂದು ಬರೆಯಿರಿ, ಬರುವ ವರ್ಷ ನಿಮಗೆ ವರ್ಗವಾಗಿ ಬೇರೆಯವರು ಬಂದರೂ ಅವರಿಗೆ ಸಿಗುತ್ತದೆ.