ಗಿರಾಕಿ ಕೇಳಿದ್ದಕ್ಕೆ ಮೊದಲು ಉತ್ತರ ಕೊಡು

ತಮ್ಮಾ, ಅಪ್ಪನ ಸೀರೆ ಅಂಗಡಿಯನ್ನು ನೀನು ವಹಿಸಿಕೊಂಡಿದ್ದು, ಇನ್‌ಸ್ಟಾಗ್ರಾಂನಲ್ಲೂ ಫೇಸ್‌ಬುಕ್ಕಿನಲ್ಲೂ ಅಂಗಡಿಯ ಹೆಸರಿನಲ್ಲಿ ಪುಟ ತೆರೆದಿದ್ದು ಕೇಳಿ ಸಂತೋಷವಾಯಿತು. ಇಳಕಲ್ ಸೀರೆ ಮಾರಲು ನಮ್ಮ ಹಿರಿಯರು ಗಂಟು ಹೊತ್ತು ಊರೂರು ತಿರುಗುತ್ತಿದ್ದರು. ಈಗ ಪುಣೆಯಲ್ಲಿರುವ ಹೆಣ್ಣುಮಗಳು ಮನೆಯಲ್ಲೇ ಕೂತು ಫೋನಿನಲ್ಲಿ ಸೆರಗು ನೋಡುತ್ತಾಳೆ. ನಿನಗೆ ಸಿಕ್ಕಿರುವುದು ಒಳ್ಳೆಯ ಕಾಲ. ಅದು ಕೈತಪ್ಪಬಾರದು ಎಂಬ ಕಾಳಜಿಯಿಂದ ನಾಲ್ಕು ಮಾತು ಹೇಳುತ್ತೇನೆ.

ನೀನು ಹಾಕಿದ ಗಿಳಿಹಸಿರು ಸೀರೆಯ ಕೆಳಗೆ ಒಬ್ಬ ತಾಯಿ "ರೇಟ್ ಎಷ್ಟರೀ?" ಎಂದು ಕೇಳಿದ್ದಾಳೆ. ನಿನ್ನ ಉತ್ತರ, "ಡಿಎಂ ಮಾಡಿ". ಅದರ ಕೆಳಗೆ ಇನ್ನೊಬ್ಬಳು ಅದನ್ನೇ ಕೇಳಿದ್ದಾಳೆ. ಆಕೆಗೆ ಉತ್ತರವೇ ಇಲ್ಲ. ಅಂಗಡಿಗೆ ಬಂದು ಗಾದಿಯ ಮೇಲೆ ಕೂತವಳು ಬೆಲೆ ಕೇಳಿದರೆ ಒಳಕೋಣೆಗೆ ಕರೆದು ಹೇಳುತ್ತೇವೆಯೇ? ಬೆಲೆ ಬರೆದರೆ ಪಕ್ಕದ ಅಂಗಡಿಯವನಿಗೆ ಗೊತ್ತಾಗುತ್ತದೆ ಎಂಬ ಅಂಜಿಕೆ ನಮ್ಮ ಪೇಟೆಯಲ್ಲಿ ಹಳೆಯದು. ಅವನಿಗೆ ನಿನ್ನ ಬೆಲೆ ಮೊದಲೇ ಗೊತ್ತು. ಗೊತ್ತಿಲ್ಲದಿರುವುದು ಗಿರಾಕಿಗೆ ಮಾತ್ರ. ಅವಳು ಎರಡನೇ ಸಲ ಕೇಳುವುದಿಲ್ಲ, ಬೆರಳು ಸರಿಸಿ ಮುಂದೆ ಹೋಗುತ್ತಾಳೆ. ಸೀರೆಯ ಬೆಲೆ, ಕೊರಿಯರ್ ಖರ್ಚು, ಎರಡನ್ನೂ ಚಿತ್ರದ ಕೆಳಗೇ ಬರೆ.

ಬೆಲೆಯ ಜೊತೆ ಸೀರೆಯ ಗುಣವನ್ನೂ ಬಿಡಿಸಿ ಹೇಳು. "ಸೂಪರ್ ಕಲೆಕ್ಷನ್, ಬೇಗ ಬುಕ್ ಮಾಡಿ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಒಡಲು ಹತ್ತಿಯದೋ ರೇಷ್ಮೆಯದೋ, ಸೆರಗು ಅಸಲಿ ರೇಷ್ಮೆಯೋ ಆರ್ಟ್ ಸಿಲ್ಕೋ, ದಡಿ ಗೋಮಿಯೋ ಗಾಯತ್ರಿಯೋ ಚಿಕ್ಕಿ ಪರಾಸೋ, ಆರು ವಾರದ್ದೋ ಒಂಬತ್ತು ವಾರದ್ದೋ, ಮೊದಲ ಸಲ ಹೇಗೆ ಒಗೆಯಬೇಕು — ಕೂತ ಜಾಗದಲ್ಲಿ ನಮ್ಮ ಹಿರಿಯರು ಬಾಯಿಮಾತಿನಲ್ಲಿ ಹೇಳುತ್ತಿದ್ದುದನ್ನೆಲ್ಲ ಐದಾರು ಸಾಲಿನಲ್ಲಿ ಬರೆಯಬಹುದು. ಕನ್ನಡದಲ್ಲೇ ಬರೆ. ಸೊಲ್ಲಾಪುರ, ಕೊಲ್ಲಾಪುರ ಕಡೆಯ ಹೆಣ್ಣುಮಕ್ಕಳೂ ಈ ಸೀರೆ ಉಡುತ್ತಾರೆ, ಅವರು "ಇರಕಲ್" ಎಂದು ಹುಡುಕುತ್ತಾರೆ. ಅವರಿಗಾಗಿ ಮರಾಠಿಯಲ್ಲೂ ಎರಡು ಸಾಲಿರಲಿ.

ಪವರ್‌ಲೂಮ್ ಮಾಲನ್ನು ಕೈಮಗ್ಗದ್ದು ಎಂದು ಎಂದೂ ಬರೆಯಬೇಡ. ಎರಡಕ್ಕೂ ಗಿರಾಕಿ ಇದ್ದಾರೆ, ಎರಡನ್ನೂ ಅದರದರ ಹೆಸರಿನಲ್ಲೇ ಮಾರು. ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆ. ನಿನ್ನ ಸೀರೆಗೆ ಅದಿದ್ದರೆ ಹತ್ತಿರದಿಂದ ಫೋಟೊ ತೆಗೆದು ತೋರಿಸು. ಫೋಟೊವನ್ನು ಹಗಲು ಬೆಳಕಿನಲ್ಲಿ ತೆಗೆ. ಫಿಲ್ಟರ್ ಹಾಕಿ ದಾಳಿಂಬೆ ಕೆಂಪನ್ನು ಇನ್ನಷ್ಟು ಕೆಂಪು ಮಾಡಿದರೆ, ಪಾರ್ಸೆಲ್ ಬಿಚ್ಚಿದ ಗಳಿಗೆಯಲ್ಲಿ ಗಿರಾಕಿಯ ಮುಖ ಬಾಡುತ್ತದೆ.

ರೀಲ್ಸ್ ಮಾಡಬೇಡ ಎನ್ನುತ್ತಿಲ್ಲ. ಸಿನಿಮಾ ಹಾಡಿಗೆ ಸೀರೆ ತಿರುಗಿಸಿ ತೋರಿಸುವವರು ಸಾವಿರಾರು ಜನ ಇದ್ದಾರೆ, ನೀನು ಗುಂಡಿ ಮಗ್ಗದ ಮುಂದೆ ಕೂತುಕೊಂಡು ಚಿತ್ರೀಕರಿಸು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಒಂದೊಂದು ಎಳೆಯನ್ನು ಇನ್ನೊಂದಕ್ಕೆ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಬೆರಳುಗಳ ಓಟವನ್ನು ಅರ್ಧ ನಿಮಿಷ ತೋರಿಸು, ಹಾಡು ಬೇಡ, ಲಾಳಿಯ ಸದ್ದು ಸಾಕು. ಹೀಗೆ ಕೊಂಡಿ ಹಾಕಿ ಕೂಡಿಸಿದ ಟೋಪ ತೆನಿ ಸೆರಗಿಗೆ ಯಾಕೆ ಅಷ್ಟು ಬೆಲೆ ಎಂದು ಆಮೇಲೆ ಯಾರೂ ಕೇಳುವುದಿಲ್ಲ. ನೇಯ್ದವರನ್ನು ಕೇಳಿ, ಅವರು ಒಪ್ಪಿದರೆ ಹೆಸರು ಹಾಕು. ಹಾಗೆಯೇ, ಗಿರಾಕಿ ಸೀರೆ ಉಟ್ಟು ಕಳಿಸಿದ ಫೋಟೊವನ್ನು ಅವಳನ್ನು ಕೇಳದೆ ಪುಟಕ್ಕೆ ಹಾಕಬಾರದು, ಮುಖ ಮರೆಮಾಡಿಯೂ ಹಾಕಬಾರದು.

ಇನ್ನು ವಾಟ್ಸ್ಆ್ಯಪ್. 2018ರಲ್ಲಿ ಬಂದ ವಾಟ್ಸ್ಆ್ಯಪ್ ಬಿಸಿನೆಸ್ ನಿನ್ನಂಥ ಸಣ್ಣ ಅಂಗಡಿಗಳಿಗೆಂದೇ ಮಾಡಿದ್ದು. ಸೀರೆಗಳ ಕ್ಯಾಟಲಾಗ್ ಅದರಲ್ಲೇ ಜೋಡಿಸಬಹುದು, ಹಣ ಬರಬೇಕಾದವರಿಗೆ, ಪಾರ್ಸೆಲ್ ಹೋಗಬೇಕಾದವರಿಗೆ ಬೇರೆ ಬೇರೆ ಲೇಬಲ್ ಹಚ್ಚಬಹುದು. ಆದರೆ ಸಿಕ್ಕ ನಂಬರುಗಳನ್ನೆಲ್ಲ ಒಂದು ಗ್ರೂಪಿಗೆ ಸೇರಿಸುವ ಕೆಲಸ ಮಾತ್ರ ಬೇಡ. ಗ್ರೂಪಿನಲ್ಲಿ ಒಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ. ನಿನ್ನನ್ನು ನಂಬಿ ನಂಬರು ಕೊಟ್ಟ ಹೆಣ್ಣುಮಗಳಿಗೆ ಗುರುತಿಲ್ಲದವನ ಫೋನ್ ಬಂದರೆ ಅದಕ್ಕೆ ಹೊಣೆ ನೀನೇ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡು. ಒಂದು ಪಟ್ಟಿಗೆ 256 ಜನ ಹಿಡಿಯುತ್ತಾರೆ, ಒಬ್ಬರಿಗೊಬ್ಬರು ಕಾಣುವುದಿಲ್ಲ. ನಿನ್ನ ನಂಬರನ್ನು ಅವರು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದರೆ ಮಾತ್ರ ಆ ಸಂದೇಶ ಅವರಿಗೆ ತಲುಪುತ್ತದೆ. ಅಂದರೆ ಬೇಕೆಂದವರಿಗಷ್ಟೇ ಹೋಗುತ್ತದೆ. ಅದೇ ಸರಿಯಾದ ರೀತಿ. ದಿನಾ ಬೆಳಿಗ್ಗೆ ಶುಭೋದಯದ ಹೂವು ಕಳಿಸಬೇಡ. ನಾಗರ ಪಂಚಮಿಗೆ ತವರಿಗೆ ಹೊರಡುವವರಿಗೆ ಪಾರ್ಸೆಲ್ ಮುಟ್ಟುವಷ್ಟು ಮುಂಚೆ, ದೀಪಾವಳಿಗೆ ಮುಂಚೆ, ಲಗ್ನದ ದಿನಗಳಿಗೆ ಮುಂಚೆ ಹೊಸ ಸೀರೆ ತೋರಿಸು. "ಬೇಡ" ಎಂದವರ ಹೆಸರನ್ನು ಅವತ್ತೇ ತೆಗೆ.

ಬಣ್ಣ ಬಿಟ್ಟಿತು, ಸೆರಗಿನಲ್ಲಿ ಎಳೆ ಜಾರಿದೆ ಎಂದು ಯಾರಾದರೂ ಬರೆದರೆ ಅದನ್ನು ಅಳಿಸಬೇಡ. ಸಿಟ್ಟೂ ಮಾಡಬೇಡ. "ತಪ್ಪಾಗಿದ್ದರೆ ನಮ್ಮದು, ಸೀರೆ ಕಳಿಸಿಕೊಡಿ, ನೋಡುತ್ತೇವೆ" ಎಂದು ಎಲ್ಲರಿಗೂ ಕಾಣುವ ಹಾಗೆ ಬರೆ, ಬರೆದಂತೆ ಮಾಡು. ಆ ಒಂದು ಉತ್ತರವನ್ನು ದೂರು ಕೊಟ್ಟವಳಿಗಿಂತ ಸುಮ್ಮನೆ ನೋಡುತ್ತಿರುವ ನೂರು ಜನ ಓದುತ್ತಾರೆ. ಗೆಳೆಯರಿಂದ, ನೆಂಟರಿಂದ ಗಿರಾಕಿಗಳ ಹಾಗೆ ಹೊಗಳಿಸಿ ಬರೆಸುವುದು ಬೇಡವೇ ಬೇಡ. ಮಾರುವವನೇ ಗ್ರಾಹಕನ ಸೋಗಿನಲ್ಲಿ ವಿಮರ್ಶೆ ಹಾಕುವುದನ್ನು 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳೇ ನಿಷೇಧಿಸಿವೆ. ಕಾನೂನು ಇಲ್ಲದಿದ್ದರೂ ಅದು ಮೋಸವೇ.

ಹಣದ ವಿಷಯದಲ್ಲಿ ಎಚ್ಚರ ಇರಲಿ. ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಟ್ಟಬೇಡ, ಬ್ಯಾಂಕ್ ಖಾತೆಗೆ ಬಂದಿದೆಯೇ ನೋಡಿ ಕಟ್ಟು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಒತ್ತು ಎಂದವನು ಕಳ್ಳ. ಮೋಸವಾದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡು. ನಿನ್ನ ಖಾತೆಗಳಿಗೆಲ್ಲ ಟೂ-ಸ್ಟೆಪ್ ವೆರಿಫಿಕೇಶನ್ ಇವತ್ತೇ ಹಾಕಿಕೋ.

ಯಾವ ಆ್ಯಪ್ ಕೂಡ ನಮ್ಮದಲ್ಲ ಎಂಬುದು ನೆನಪಿರಲಿ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಅಲ್ಲಿ ಲಕ್ಷಗಟ್ಟಲೆ ಜನರನ್ನು ಸೇರಿಸಿಕೊಂಡಿದ್ದವರ ಕೈ ಕೆಲವೇ ದಿನಗಳಲ್ಲಿ ಬರಿದಾಯಿತು. ಅಪ್ಪನ ಉದ್ರಿ ಪುಸ್ತಕದಂತೆ ನಿನಗೂ ಒಂದು ವಹಿ ಇರಲಿ. ಯಾವ ಊರಿನ ಗಿರಾಕಿ, ಯಾವ ದಡಿ ಇಷ್ಟ, ಯಾರ ಮಗಳ ಮದುವೆ ಯಾವ ತಿಂಗಳು ಎಂಬುದನ್ನು ಅವರ ಒಪ್ಪಿಗೆಯಿಂದ ಬರೆದಿಡು. ವರ್ಷದ ಮೇಲೆ ಅವಳು ಮತ್ತೆ ಬಂದಾಗ "ಹೋದ ಸಲ ಗೋಮಿ ದಡಿ ಒಯ್ದಿದ್ದಿರಲ್ಲ, ಹೆಂಗ ಬಂತ್ರಿ?" ಎಂದು ಕೇಳುವಷ್ಟು ನೆನಪಿಗೆ ಯಾವ ಜಾಹೀರಾತೂ ಸಮವಲ್ಲ.

ಇವತ್ತು ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಹೊಸ ರೀಲ್ ಮಾಡುವ ಮೊದಲು, ಹಳೆಯ ಚಿತ್ರಗಳ ಕೆಳಗೆ ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನೆಲ್ಲ ತೆಗೆದು ನೋಡು. ಆ ಸೀರೆ ಮಾರಿಹೋಗಿದ್ದರೆ ಹಾಗೆಂದೇ ಬರೆ, ಇದ್ದರೆ ಬೆಲೆ ಬರೆ. ಒಂದನ್ನೂ ಬಿಡಬೇಡ.