ಗಾಡಿಗೆ ಹಾಕೋದು ಯಾವ ನೀರು?



ನಮ್ಮ ಲಕಮನಹಳ್ಳಿ ಹುಬ್ಬಳ್ಳಿ–ಧಾರವಾಡ ರಸ್ತೆಗೆ ಹತ್ತಿರ ಇದೆ. ಇಲ್ಲಿ ಕಾರ್ಖಾನೆಗಳಿವೆ. ಹಗಲು ರಾತ್ರಿ ಗಾಡಿಗಳು ಓಡಾಡುತ್ತವೆ. ಎಷ್ಟೋ ಮನೆಗಳ ಒಲೆ ಉರಿಯೋದು ಗಾಡಿಯ ದುಡಿಮೆಯಿಂದಲೇ.

ಒಂದು ಸಂಜೆ ಒಬ್ಬ ಅಕ್ಕ ನಮ್ಮ ಕಲಿಕಾ ಕೇಂದ್ರಕ್ಕೆ ಒಂದು ಡಬ್ಬಿ ತಂದರು. ಒಳಗೆ ಹಸಿರು ನೀರಿನಂಥದ್ದು ಇತ್ತು.

"ಅಕ್ಕೋರ, ಇದು ಕೂಲಂಟ್ ಅಂತ. ಮನಿಯವರು ಗಾಡಿಗೆ ಹಾಕಾಕ ತಂದಾರ. ಬೋರಿನ ನೀರು ಹಾಕಿದ್ರ ಆಗೂದಿಲ್ಲೇನು? ಇದಕ್ಕ ಯಾಕ ರೊಕ್ಕ ಕೊಡಬೇಕು?"

ಒಳ್ಳೆಯ ಪ್ರಶ್ನೆ. ಆ ದಿನ ನಾವೆಲ್ಲ ಕೂಡಿ ಅದನ್ನೇ ಪಾಠ ಮಾಡಿಕೊಂಡೆವು.

ಕೂಲಂಟ್ ಅಂದರೆ ಏನು?

ಎಂಜಿನ್ ಒಳಗೆ ಡೀಸೆಲ್ ಇಲ್ಲವೇ ಪೆಟ್ರೋಲ್ ಉರಿಯುತ್ತದೆ. ಒಲೆ ಮೇಲಿನ ಗಡಿಗೆಯಂತೆ ಎಂಜಿನ್ ಕಾಯುತ್ತದೆ. ಅದರೊಳಗೆ ಸಣ್ಣ ಸಣ್ಣ ದಾರಿಗಳಿವೆ. ಆ ದಾರಿಯಲ್ಲಿ ಕೂಲಂಟ್ ಹರಿಯುತ್ತದೆ. ಎಂಜಿನ್ನಿನ ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಬರುತ್ತದೆ. ಅಲ್ಲಿ ಗಾಳಿ ತಾಗಿ ಆರುತ್ತದೆ. ಮತ್ತೆ ಎಂಜಿನ್ನಿಗೆ ಹೋಗುತ್ತದೆ.

ಎಲ್ಲ ಗಾಡಿಗೂ ಇದು ಬೇಕಿಲ್ಲ. ಬಹಳಷ್ಟು ಬೈಕು, ಆಟೋಗಳು ಬರೀ ಗಾಳಿಯಿಂದಲೇ ತಂಪಾಗುತ್ತವೆ. ಕಾರು, ಟ್ರ್ಯಾಕ್ಟರ್, ಲಾರಿಗೆ ಸಾಮಾನ್ಯವಾಗಿ ಕೂಲಂಟ್ ಬೇಕು.

ಬರೀ ನೀರು ಯಾಕೆ ಸಾಲದು?

ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧ ಕೂಲಂಟ್, ಅರ್ಧ ನೀರು ಕೂಡಿಸಿದರೆ ಅದು ಕುದಿಯಲು ಇನ್ನೂ ಆರೇಳು ಡಿಗ್ರಿ ಹೆಚ್ಚು ಬಿಸಿ ಬೇಕು. ಅಂಕೋಲೆಯಿಂದ ಹುಬ್ಬಳ್ಳಿಗೆ ಬರುವಾಗ ಅರಬೈಲ್ ಘಟ್ಟ ಇದೆ. ಹೇರು ತುಂಬಿದ ಗಾಡಿ ಅಂಥ ಘಟ್ಟ ಏರುವಾಗ ಎಂಜಿನ್ ಬಹಳ ಕಾಯುತ್ತದೆ.

ಇನ್ನೊಂದು ಮಾತು. ಬೋರಿನ ನೀರು ಕಾಸಿದ ಹಂಡೆಯ ಒಳಗೆ ಬಿಳಿ ಪದರು ಕಟ್ಟೋದನ್ನ ನೀವೇ ನೋಡೀರಿ. ರೇಡಿಯೇಟರ್ ಒಳಗೂ ಹಾಗೇ ಕಟ್ಟುತ್ತದೆ. ದಾರಿ ಮುಚ್ಚುತ್ತದೆ. ತುಕ್ಕೂ ಹಿಡಿಯುತ್ತದೆ. ಕೂಲಂಟಿನಲ್ಲಿ ತುಕ್ಕು ತಡೆಯುವ ಔಷಧ ಇರುತ್ತದೆ.

ಎಂಜಿನ್ ಅತಿಯಾಗಿ ಕಾದು ಕೆಟ್ಟರೆ ಸಾವಿರಾರು ರೂಪಾಯಿ ಖರ್ಚು. ಗಾಡಿ ನಿಂತರೆ ದುಡಿಮೆ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲೋದಿಲ್ಲ.

ಆರಿಸೋದು ಹೇಗೆ?

1. ಗಾಡಿಯ ಜೊತೆ ಒಂದು ಪುಸ್ತಕ ಕೊಟ್ಟಿರುತ್ತಾರೆ. ಯಾವ ಜಾತಿಯ ಕೂಲಂಟ್ ಬೇಕು, ಎಷ್ಟು ಬೇಕು, ಎಂದು ಬದಲಿಸಬೇಕು ಎಂದು ಅದರಲ್ಲಿ ಇರುತ್ತದೆ. ಅದೇ ಜಾತಿಯದನ್ನು ತನ್ನಿ.

2. ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಎಲ್ಲ ಸಿಗುತ್ತವೆ. ಒಂದೇ ಬಣ್ಣದ ಎರಡು ಡಬ್ಬಿಯಲ್ಲಿ ಬೇರೆ ಬೇರೆ ಜಾತಿ ಇರಬಹುದು.

3. ಬೇರೆ ಬೇರೆ ಜಾತಿ ಬೆರೆಸಬೇಡಿ. ಕೆಲವು ಸಲ ಅದು ಗಂಜಿಯಂತೆ ಗಟ್ಟಿಯಾಗಿ ದಾರಿ ಕಟ್ಟುತ್ತದೆ.

4. ಕೆಲವು ಕೂಲಂಟಿಗೆ ನೀರು ಮೊದಲೇ ಬೆರೆಸಿರುತ್ತಾರೆ. ಅದಕ್ಕೆ ಮತ್ತೆ ನೀರು ಬೇಡ. ಕೆಲವು ಗಟ್ಟಿ ಇರುತ್ತವೆ. ಅದಕ್ಕೆ ಡಬ್ಬಿಯ ಮೇಲೆ ಹೇಳಿದಷ್ಟು ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಯಾವುದು ಎಂದು ಅಂಗಡಿಯಲ್ಲೇ ಕೇಳಿ.

ಡಬ್ಬಿಯ ಮೇಲೆ ಹೆಚ್ಚಾಗಿ ಇಂಗ್ಲಿಷ್ ಇರುತ್ತದೆ. ಅಂಕಿ ಓದಲು ನಮಗೆ ಬರುತ್ತದೆ. ಉಳಿದದ್ದನ್ನು ಓದಿ ಹೇಳಿ ಎಂದು ಕೇಳೋಣ. ಕೇಳೋದರಲ್ಲಿ ನಾಚಿಕೆ ಇಲ್ಲ.

ಎಚ್ಚರ! ಎಚ್ಚರ!

ಎಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬಾರದು. ಸೀಟಿ ಹಾಕುವ ಕುಕ್ಕರನ್ನು ಯಾರಾದರೂ ತೆರೆಯುತ್ತಾರೆಯೇ? ಕುದಿಯುವ ನೀರು ಮುಖಕ್ಕೇ ಹಾರುತ್ತದೆ. ಗಾಡಿ ಪೂರ್ತಿ ಆರಲಿ. ಆಮೇಲೆ ತೆಗೆಯಿರಿ.

ಪಾಠ ಮುಗಿಯುವ ಹೊತ್ತಿಗೆ ಆ ಅಕ್ಕ ಅಂದರು: "ಡಬ್ಬಿ ಗಟ್ಟಿಮುಟ್ಟ ಐತ್ರಿ. ಖಾಲಿ ಆದ ಮ್ಯಾಲೆ ಎಣ್ಣಿ ಹಾಕಿ ಇಡಾಕ ಚಲೋ ಆಗ್ತೈತಿ."

ನಮಗೆ ಎದೆ ಝಲ್ ಎಂದಿತು. ಬೇಡವೇ ಬೇಡ ಎಂದೆವು. ಹೆಚ್ಚಿನ ಕೂಲಂಟಿನಲ್ಲಿ ಎಥಿಲಿನ್ ಗ್ಲೈಕಾಲ್ ಎಂಬ ವಿಷ ಇರುತ್ತದೆ. ಅದರ ರುಚಿ ಸಿಹಿ. ಮಕ್ಕಳು ಶರಬತ್ತು ಎಂದು ಕುಡಿದಾರು. ನಾಯಿ, ಬೆಕ್ಕು ನೆಕ್ಕೀತು. ಮೊದಲು ಕುಡಿದವರಂತೆ ತೂರಾಡುತ್ತಾರೆ, ವಾಂತಿ ಆಗುತ್ತದೆ. ಆಮೇಲೆ ಮೂತ್ರಪಿಂಡ ಕೆಡುತ್ತದೆ. ಜೀವವೂ ಹೋಗಬಹುದು.

ಯಾರಾದರೂ ಕುಡಿದರೆ ತೊಂದರೆ ಕಾಣುವವರೆಗೆ ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ. ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ. ಡಬ್ಬಿಯನ್ನೂ ಒಯ್ಯಿರಿ, ಡಾಕ್ಟರಿಗೆ ತೋರಿಸಿ.

ಕೂಲಂಟನ್ನು ನೀರಿನ ಬಾಟಲಿಗೆ ಸುರಿದು ಇಡಬೇಡಿ. ಮಕ್ಕಳ ಕೈಗೆ ಸಿಗದ ಕಡೆ ಇಡಿ. ನೆಲಕ್ಕೆ ಚೆಲ್ಲಿದರೆ ಒರೆಸಿ, ತೊಳೆಯಿರಿ. ಖಾಲಿ ಡಬ್ಬಿಗೆ ತೂತು ಹಾಕಿ ಎಸೆಯಿರಿ.

ಆ ಅಕ್ಕ ಒಂದು ಕಾಗದ ಕೇಳಿದರು. ನಿಧಾನ ಕೂತು ತಾವೇ ಬರೆದರು. ಡಬ್ಬಿಗೆ ಅಂಟಿಸಿ ಮನೆಗೆ ಒಯ್ದರು. ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಹೀಗಿತ್ತು:

ವಿಷ. ಮುಟ್ಟಬೇಡಿ.

ಹೇಳಿರಿ

1. ರೇಡಿಯೇಟರಿಗೆ ಬೋರಿನ ನೀರು ಯಾಕೆ ಹಾಕಬಾರದು?
2. ಬಣ್ಣ ನೋಡಿ ಕೂಲಂಟ್ ಕೊಳ್ಳಬಹುದೇ?
3. ಮಗು ಕೂಲಂಟ್ ಕುಡಿದರೆ ಮೊದಲು ಏನು ಮಾಡಬೇಕು?

ಬರೆಯಿರಿ

ಸೀಮೆಎಣ್ಣೆ, ಫಿನಾಯಿಲ್, ಹೊಲಕ್ಕೆ ಹೊಡೆಯುವ ಔಷಧ. ನಿಮ್ಮ ಮನೆಯಲ್ಲಿ ಇಂಥವು ಏನೇನಿವೆ? ಒಂದೊಂದಕ್ಕೂ ಚೀಟಿ ಬರೆದು ಅಂಟಿಸಿ.